ಅಂದದ ಅಳತೆ ಬದಲಾಗುತ್ತಲೇ ಇರುತ್ತೆ ಅಂದರೆ ಹುಡುಗಿ ನಂಬುತ್ತಿಲ್ಲ

ಮುಂಗುರುಳು:
ಅಕ್ಕನ ಮಗಳಿಗೆ 15 ವರ್ಷ. ಫಿಲ್ಟರ್ ಹಾಕದ ಫೋಟೊ ಒಂದೂ ಅವಳ ಫೋನಲ್ಲಿಲ್ಲ. ಯಾರಾದರೂ ಸುಮ್ನೆ ತೆಗೆದರೂ ಫೋನ್ ಕಿತ್ತುಕೊಂಡು, ಎರಡು ಬೆರಳಲ್ಲಿ ದೊಡ್ಡದು ಮಾಡಿ ಮೊದಲು ತೋಳು ನೋಡುತ್ತಾಳೆ, ಆಮೇಲೆ ಗಲ್ಲ, ಆಮೇಲೆ ಅಳಿಸಿಬಿಡುತ್ತಾಳೆ. ನಮ್ಮನ್ನೂ ದಪ್ಪ, ಕಪ್ಪು ಅಂತ ಆಡಿಕೊಳ್ಳುತ್ತಿದ್ದರು, ಇಲ್ಲ ಅಂತಲ್ಲ. ಆದರೆ ಇದು ಬೇರೆ ಥರ ಕಾಣುತ್ತೆ. "ಅಂದ ಅನ್ನೋದು ಕಾಲಕ್ಕೊಂದು ಥರ ಬಿಡು" ಅಂದೆ. "ಹಾಗಾದ್ರೆ ಈ ಕಾಲಕ್ಕೆ ನಾನು ಚೆನ್ನಾಗಿಲ್ಲ ಅಂತ ತಾನೆ ಚಿಕ್ಕಮ್ಮ?" ಅಂದಳು. ಏನು ಹೇಳಲಿ?

ಹಳೇಪೆಟ್ಟಿಗೆ:
ಎಷ್ಟು ಬೇಗ ಬದಲಾಗುತ್ತೆ ಅಂತ ತೋರಿಸಿ. 1920ರ ದಶಕದಲ್ಲಿ ಪಶ್ಚಿಮದ ಫ್ಯಾಶನ್‌ಗೆ ಹುಡುಗರಂಥ ಚಪ್ಪಟೆ ಮೈ ಬೇಕಿತ್ತು, ಎದೆ ಕಾಣದ ಹಾಗೆ ಬಿಗಿದು ಕಟ್ಟುತ್ತಿದ್ದರು. 1950ರ ದಶಕಕ್ಕೆ ಹಾಲಿವುಡ್ ನಟಿ ಮರ್ಲಿನ್ ಮನ್ರೋ ಥರ ಮೈ ತುಂಬಿರಬೇಕು. 1966ರಲ್ಲಿ ಕಡ್ಡಿಯಂಥ ಬ್ರಿಟಿಷ್ ಮಾಡೆಲ್ ಟ್ವಿಗ್ಗಿ ಹೆಸರು ಮಾಡಿದ್ದೇ ತಡ, ಮತ್ತೆ ಎಲ್ಲರಿಗೂ ಸಣಕಲಾಗುವ ಹುಚ್ಚು. ಒಂದೇ ಹೆಂಗಸು ಇಷ್ಟನ್ನೂ ನೋಡಿರಬಹುದು, ಪಾಪ.

ಸೋಮಾರಿಬೆಕ್ಕು:
ಇತಿಹಾಸದ ಪಾಠದಿಂದ ಆ ವಯಸ್ಸಿಗೆ ಸಮಾಧಾನ ಆಗಲ್ಲ ರೀ. ಫಿಜಿ ದ್ವೀಪಗಳಲ್ಲಿ ಮೈಕೈ ತುಂಬಿಕೊಂಡಿದ್ದರೇ ಚೆಂದ ಅಂತಿದ್ದರು. ಅಲ್ಲಿನ ನಾಡ್ರೋಗಾ ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂತು. ಆ್ಯನ್ ಬೆಕರ್ ಅನ್ನುವ ಸಂಶೋಧಕಿ ಆಗಲೇ ಶಾಲೆ ಹುಡುಗಿಯರನ್ನು ವಿಚಾರಿಸಿದ್ದರು, 1998ರಲ್ಲಿ ಮತ್ತೆ ವಿಚಾರಿಸಿದರು. ತೂಕ ಇಳಿಸೋಕೆ ಬೇಕಂತಲೇ ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ, ಆಮೇಲೆ ಶೇ. 11.3. ಸಣ್ಣ ಅಧ್ಯಯನ, ಟಿವಿಯೊಂದೇ ಕಾರಣ ಅಂತ ಆಣೆ ಮಾಡೋಕಾಗಲ್ಲ. ಆದರೂ ಆ ಹುಡುಗಿಯರು ಟಿವಿಯಲ್ಲಿ ನೋಡಿದ್ದು ಬೇರೆ ಯಾರೋ ಹೆಂಗಸರನ್ನು. ನಿಮ್ಮ ಹುಡುಗಿ ಫಿಲ್ಟರಲ್ಲಿ ತಿದ್ದಿದ ತನ್ನದೇ ಮುಖದ ಜೊತೆ ಹೋಲಿಸಿಕೊಳ್ಳುತ್ತಿದ್ದಾಳೆ, ಅದು ಇನ್ನೂ ಕಷ್ಟ ಅಲ್ವಾ?

ಕೊಂಕುನುಡಿ:
ಫ್ರಾನ್ಸಲ್ಲಿ 2017ರಿಂದ, ಜಾಹೀರಾತಿನ ಮಾಡೆಲ್‌ಗಳ ಮೈಯನ್ನು ಕಂಪ್ಯೂಟರಲ್ಲಿ ತೆಳ್ಳಗೆ ಮಾಡಿದ್ದರೆ "ತಿದ್ದಿದ ಫೋಟೊ" ಅಂತ ಬರೆಯಲೇಬೇಕು. ಫ್ರೆಂಡ್ಸ್ ಹಾಕುವ ಫೋಟೊಗೆ ಯಾರು ಚೀಟಿ ಅಂಟಿಸುತ್ತಾರೆ?
ಮನೆಯಲ್ಲಿ "ಊದಿದೀಯಲ್ಲ" ಅನ್ನೋದು ನಿಲ್ಲಿಸಿ. "ಇಳಿದಿದೀಯ, ಚೆನ್ನಾಗಿ ಕಾಣ್ತೀಯ" ಅನ್ನೋದೂ ಬೇಡ, ಅದೂ ತೂಕದ ಮಾತೇ. ದೊಡ್ಡವರು ಕನ್ನಡಿ ಮುಂದೆ ನಿಂತು ತಮ್ಮ ಹೊಟ್ಟೆ ಬೈದುಕೊಳ್ಳೋದು ಮಕ್ಕಳಿಗೆ ಕೇಳಿಸುತ್ತೆ. ಊಟ ಬಿಡುತ್ತಿದ್ದರೆ, ಉಂಡ ಕೂಡಲೇ ಬಾತ್‌ರೂಮಿಗೆ ಓಡುತ್ತಿದ್ದರೆ ಮಾತ್ರ ಬುದ್ಧಿಮಾತು ಹೇಳುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಮುಂಗುರುಳು:
ಊಟ ಸರಿಯಾಗಿ ಮಾಡುತ್ತಾಳೆ, ಅಷ್ಟರಮಟ್ಟಿಗೆ ನಿರಾಳ. ಹೊಟ್ಟೆ ಬೈದುಕೊಳ್ಳೋದು ನಮ್ಮಕ್ಕ, ದಿನಾ ಬೆಳಗ್ಗೆ. ಅವಳಿಗೆ ಹೇಳೋದು ಮಗಳಿಗೆ ಹೇಳೋದಕ್ಕಿಂತ ಕಷ್ಟ, ಆದರೂ ಅಲ್ಲಿಂದಲೇ ಶುರು ಮಾಡುತ್ತೇನೆ.