ಬಿಸಿನೀರಿಂದ ಗಂಡಸರಿಗೆ ಗರ್ಭನಿರೋಧ, ನಿಜವಾಗ್ಲೂ ಆಗುತ್ತಾ?

ದಾವಣಗೆರೆ_ಅಪ್ಪ:
ಒಂದು ಮಗು ಇದೆ, ಇನ್ನೊಂದು ಎರಡ್ಮೂರು ವರ್ಷ ಬಿಟ್ಟು ಅಂದ್ಕೊಂಡಿದೀವಿ. ಹೆಂಡ್ತಿಗೆ ಮಾತ್ರೆ ತಗೊಂಡ್ರೆ ತಲೆನೋವು, ಕಾಪರ್-ಟಿ ಹಾಕ್ಸಿದ್ರೆ ಬ್ಲೀಡಿಂಗ್ ಜಾಸ್ತಿ ಆಗಿ ತೆಗೆಸಿದ್ವಿ, ಎಲ್ಲಾ ಅವಳೊಬ್ಳೇ ಅನುಭವಿಸೋದು ನೋಡೋಕಾಗ್ತಿಲ್ಲ. ಬಿಸಿ ತಾಗಿದ್ರೆ ವೀರ್ಯಾಣು ಕಮ್ಮಿ ಆಗುತ್ತೆ ಅಂತ ಓದಿದೆ. ನಾನು ದಿನಾ ಹಂಡೆ ನೀರು ಚೆನ್ನಾಗಿ ಕಾಯ್ಸಿ ಸ್ನಾನ ಮಾಡ್ತೀನಿ, ಅಷ್ಟು ಸಾಕಾ?

ಲ್ಯಾಬ್_ರಾಘು:
ಸಾಕಾಗಲ್ಲ ಸರ್, ಅದನ್ನ ನಂಬ್ಕೊಂಡು ಇರ್ಬೇಡಿ. ವೃಷಣ ಮೈ ಬಿಸಿಗಿಂತ 2ರಿಂದ 4 ಡಿಗ್ರಿ ತಣ್ಣಗಿದ್ರೇನೇ ವೀರ್ಯಾಣು ಸರಿಯಾಗಿ ತಯಾರಾಗೋದು, ಆ ಮಾತು ನಿಜ. ಮಾರ್ಥಾ ಫೋಗೆಲಿ ಅಂತ ಸ್ವಿಸ್ ಡಾಕ್ಟರ್ ನಮ್ಮ ದೇಶದಲ್ಲೇ ಇದನ್ನ ಪ್ರಯೋಗ ಮಾಡಿ ನೋಡಿದ್ರು, ಸುಮಾರು 47 ಡಿಗ್ರಿ ನೀರಲ್ಲಿ ದಿನಾ 45 ನಿಮಿಷ, ಮೂರು ವಾರ. ಚೊಂಬಲ್ಲಿ ಹೊಯ್ಕೊಂಡು ಎದ್ದು ಬರೋ ಸ್ನಾನಕ್ಕೂ ಇದಕ್ಕೂ ಸಂಬಂಧನೇ ಇಲ್ಲ. ಅಷ್ಟು ಹೊತ್ತು ಅಷ್ಟು ಬಿಸೀಲಿ ಕೂತ್ರೆ ಚರ್ಮ ಸುಡುತ್ತೆ, ಮನೇಲಿ ಟ್ರೈ ಮಾಡ್ಲೇಬೇಡಿ.

ತುಲೂಸ್_ಕನ್ನಡಿಗ:
ನಾನಿರೋ ಊರಲ್ಲೇ, ಫ್ರಾನ್ಸಿನ ತುಲೂಸಲ್ಲಿ, ರೋಜೆ ಮ್ಯೂಸೆ ಅನ್ನೋ ಡಾಕ್ಟರ್ ಇದರ ಮೇಲೆ ವರ್ಷಗಟ್ಲೆ ಕೆಲಸ ಮಾಡಿದಾರೆ. ಬಿಸಿನೀರು ಏನೂ ಇಲ್ಲ, ವೃಷಣನ ತೊಡೆಸಂದಿ ಕಡೆ ಮೇಲಕ್ಕೆ ಹಿಡಿದಿಡೋ ಚಡ್ಡಿ, ದಿನಾ 15 ಗಂಟೆ ಹಾಕ್ಬೇಕು, ಮೈ ಶಾಖಕ್ಕೇ ಸುಮಾರು 2 ಡಿಗ್ರಿ ಏರುತ್ತೆ. ಆದ್ರೆ ಹಾಕಿದ್ ದಿನಾನೇ ಸೇಫ್ ಅಲ್ಲ, ಹೆಚ್ಚುಕಮ್ಮಿ ಮೂರು ತಿಂಗಳು ಬೇಕು, ಆಮೇಲೂ ವೀರ್ಯ ಟೆಸ್ಟಲ್ಲಿ ವೀರ್ಯಾಣು ಕೌಂಟ್ ಒಂದು ಎಂಎಲ್‌ಗೆ 10 ಲಕ್ಷಕ್ಕಿಂತ ಕೆಳಗೆ ಬರ್ಬೇಕು, ಮಧ್ಯೆ ಬಿಟ್ರೆ ಮತ್ತೆ ಏರುತ್ತೆ. ನಿಲ್ಲಿಸಿದ್ರೆ ಕೆಲವು ತಿಂಗಳಲ್ಲಿ ಕೌಂಟ್ ವಾಪಸ್ ಬರುತ್ತೆ ಅಂತ ಅವರ ಅನುಭವ. ಇದೇ ಕೆಲಸಕ್ಕೆ ಆಂಡ್ರೋ-ಸ್ವಿಚ್ ಅಂತ ಸಿಲಿಕೋನ್ ರಿಂಗ್ ಕೂಡ ಬಂದಿತ್ತು, ಸರಿಯಾದ ಸ್ಟಡಿ ಆಗಿಲ್ಲ ಅಂತ 2021ರ ಕೊನೇಲಿ ಇಲ್ಲಿನ ಸರ್ಕಾರಿ ಸಂಸ್ಥೆ ಮಾರಾಟ ನಿಲ್ಲಿಸ್ತು. ಆನ್‌ಲೈನಲ್ಲಿ ಅಂಥದ್ದು ಕಂಡ್ರೆ ತರಿಸ್ಕೋಬೇಡಿ, ಹರ್ನಿಯಾ, ವೆರಿಕೋಸೀಲ್ (ವೃಷಣದ ರಕ್ತನಾಳ ಊದೋದು) ಇದ್ದವರಂತೂ ಹತ್ರಾನೇ ಹೋಗ್ಬಾರ್ದು.

ಸುಮಾ_ಶಿವಮೊಗ್ಗ:
ಅಣ್ಣಾ, ನೀವು ಹೀಗೆ ಕೇಳಿದ್ದೇ ದೊಡ್ಡದು, ನಮ್ಮನೇಲಿ ಯಾರೂ ಕೇಳ್ಲಿಲ್ಲ. ಈಗ ಪ್ರತಿ ಸಲ ಕಾಂಡೋಮ್ ಬಳಸಿ, ಸರ್ಕಾರಿ ಆಸ್ಪತ್ರೇಲಿ ಫ್ರೀ ಕೊಡ್ತಾರೆ. ಎರಡನೇದಾದ್ಮೇಲೆ ಇನ್ನು ಸಾಕು ಅನ್ಸಿದ್ರೆ ಎನ್‌ಎಸ್‌ವಿ ಅಂತ ಗಂಡಸರಿಗೆ ಮಾಡೋ ಸಂತಾನಹರಣ ಆಪರೇಷನ್ ಮಾಡ್ಸಿ, ಹೊಲಿಗೆ ಇಲ್ಲ, ಅದೇ ದಿನ ಮನೆಗೆ ಬರ್ಬಹುದು, ಗಂಡಸ್ತನಕ್ಕೆ ಏನೂ ಆಗಲ್ಲ. ಅದಾದ್ಮೇಲೂ ಮೂರು ತಿಂಗಳು ಕಾಂಡೋಮ್ ಬೇಕು, ಆಮೇಲೆ ವೀರ್ಯ ಟೆಸ್ಟ್ ಮಾಡ್ಸಿ ಡಾಕ್ಟರ್ ಹೇಳಿದ್ಮೇಲೇ ಬಿಡಿ. ಹೆಂಡ್ತಿಗೆ ಟ್ಯೂಬೆಕ್ಟಮಿ (ಹೆಂಗಸರ ಸಂತಾನಹರಣ ಆಪರೇಷನ್) ಮಾಡ್ಸೋಣ ಅಂತ ಮನೆಯವರು ಶುರು ಮಾಡೋಕ್ ಮುಂಚೆ ಇದನ್ನ ನೀವೇ ಹೇಳ್ಬಿಡಿ.