ಜಂಬಿಟ್ಟಿಗೆ ಗೋಡೆಯ ಮನೆಯಲ್ಲಿ ಪವರ್‌ಲೈನ್ ಅಡಾಪ್ಟರ್: ದೋಷ ಎಲ್ಲಿದೆ?

ಪ್ರಶ್ನೆ (ಮಡಗಾಂವ್)
ಎಲ್ಲರಿಗೂ ನಮಸ್ಕಾರ. ನಾವು ಬಾಡಿಗೆಗಿರುವುದು ದಪ್ಪ ಜಂಬಿಟ್ಟಿಗೆ ಗೋಡೆಗಳ ಹಳೆಯ ಮನೆ. ರೂಟರ್ ಹಜಾರದಲ್ಲಿದ್ದು, ಮಗಳು ಆನ್‌ಲೈನ್ ತರಗತಿಗೆ ಕೂರುವ ಹಿಂದಿನ ಕೋಣೆಗೆ ವೈಫೈ ತಲುಪುವುದಿಲ್ಲ; ಗೋಡೆ ಕೊರೆಯಲು ಮಾಲೀಕರ ಒಪ್ಪಿಗೆಯೂ ಇಲ್ಲ. ಆದ್ದರಿಂದ ಮನೆಯ ವಿದ್ಯುತ್ ತಂತಿಯ ಮೂಲಕವೇ ಇಂಟರ್ನೆಟ್ ಸಾಗಿಸುವ, 600 ಎಂಬಿಪಿಎಸ್ ಎಂದು ನಮೂದಿಸಿರುವ ಪವರ್‌ಲೈನ್ ಅಡಾಪ್ಟರ್ ಜೋಡಿಯೊಂದನ್ನು ತಂದೆವು. ಎರಡನ್ನೂ ಹಜಾರದಲ್ಲೇ ಸಿಕ್ಕಿಸಿದರೆ ಚೆನ್ನಾಗಿ ನಡೆಯುತ್ತವೆ. ಒಂದನ್ನು ಹಿಂದಿನ ಕೋಣೆಗೆ ಒಯ್ದರೆ ಸಂಪರ್ಕ ಪದೇ ಪದೇ ಕಡಿಯುತ್ತದೆ. ಮನೆಗೆ ತ್ರೀ ಫೇಸ್ (ಮೂರು ಪ್ರತ್ಯೇಕ ಲೈನುಗಳ) ವಿದ್ಯುತ್ತಿದೆ. ದೋಷ ಅಡಾಪ್ಟರಿನದೋ, ವೈರಿಂಗಿನದೋ?

ಉತ್ತರ (ಪುಣೆ)
ಹಜಾರದಲ್ಲಿ ಸರಿಯಾಗಿ ನಡೆಯುತ್ತಿರುವುದರಿಂದ ಅಡಾಪ್ಟರಿನ ಮೇಲೆ ಸಂಶಯ ಬೇಡ. ಮನೆಯ ತಂತಿಯಲ್ಲಿ ಹರಿಯುವ 50 ಹರ್ಟ್ಜ್ ವಿದ್ಯುತ್ತಿನ ಜೊತೆಗೇ ಈ ಸಾಧನಗಳು 2 ಮೆಗಾಹರ್ಟ್ಜ್‌ಗಿಂತ ಮೇಲಿನ ಸಂಕೇತವನ್ನು ಕಳಿಸುತ್ತವೆ. ಹಜಾರ ಒಂದು ಫೇಸಿನಲ್ಲಿ, ಹಿಂದಿನ ಕೋಣೆ ಇನ್ನೊಂದರಲ್ಲಿ ಇದ್ದರೆ, ಅಕ್ಕಪಕ್ಕ ಸಾಗುವ ತಂತಿಗಳ ನಡುವೆ ಸೋರಿ ದಾಟಿದಷ್ಟು ಸಂಕೇತ ಮಾತ್ರ ಆ ಕಡೆಗೆ ಸಿಗುತ್ತದೆ. ಡಿಬಿಯಲ್ಲಿ (ವಿದ್ಯುತ್ ಹಂಚುವ ಪೆಟ್ಟಿಗೆಯಲ್ಲಿ) ಯಾವ ಎಂಸಿಬಿ (ಸುರಕ್ಷತಾ ಸ್ವಿಚ್) ಯಾವ ಫೇಸಿನದೆಂದು ಎಲೆಕ್ಟ್ರಿಷಿಯನ್‌ರಿಂದ ಗುರುತು ಹಾಕಿಸಿಕೊಳ್ಳಿ. ಬಳಿಕ ಒಂದೊಂದೇ ಫೇಸಿನ ಎಂಸಿಬಿಗಳನ್ನು ಆಫ್ ಮಾಡಿ, ಹಿಂದಿನ ಕೋಣೆಯ ಜೊತೆಗೆ ಬೇರೆ ಯಾವ ಪ್ಲಗ್ ಪಾಯಿಂಟುಗಳು ಸತ್ತವೆಂದು ನೋಡಿ. ಕೋಣೆಯನ್ನೇ ಬೇರೆ ಫೇಸಿಗೆ ಬದಲಿಸುವ ಮುನ್ನ ಲೋಡ್ ಲೆಕ್ಕ ಹಾಕಬೇಕಾಗುತ್ತದೆ. ಡಿಬಿಯ ಮುಚ್ಚಳವನ್ನು ದಯವಿಟ್ಟು ನೀವೇ ತೆರೆಯಬೇಡಿ.

ಉತ್ತರ (ಮಾಟುಂಗಾ, ಮುಂಬಯಿ)
ಮೇಲಿನ ಮಾತು ಸರಿ, ಆದರೆ ಅದಕ್ಕೂ ಮೊದಲು ನೋಡಬೇಕಾದದ್ದು ಸ್ಪೈಕ್ ಗಾರ್ಡ್ (ವಿದ್ಯುತ್ ಏರಿಳಿತದಿಂದ ರಕ್ಷಿಸುವ ಎಕ್ಸ್‌ಟೆನ್ಶನ್ ಬೋರ್ಡ್). ಅದರೊಳಗಿನ ಫಿಲ್ಟರ್ ಈ ಸಂಕೇತವನ್ನು ಗದ್ದಲವೆಂದೇ ಭಾವಿಸಿ ತಡೆಯುತ್ತದೆ. ಅಡಾಪ್ಟರನ್ನು ನೇರವಾಗಿ ಗೋಡೆಯ ಪಾಯಿಂಟಿಗೇ ಸಿಕ್ಕಿಸಿ. ಅಗ್ಗದ ಮೊಬೈಲ್ ಚಾರ್ಜರ್ ಅಥವಾ ಮಿಕ್ಸರ್ ಚಾಲೂ ಇದ್ದಾಗ ಮಾತ್ರ ಸಂಪರ್ಕ ಕಡಿಯುತ್ತದೆಯೇ ಎಂಬುದನ್ನೂ ಗಮನಿಸಿ. 600 ಎಂಬುದು ತಂತಿಯ ಮೇಲಿನ ಸೈದ್ಧಾಂತಿಕ ವೇಗ. ಅಂಥ ಹಲವು ಮಾದರಿಗಳ ಈಥರ್ನೆಟ್ ಪೋರ್ಟೇ (ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಜಾಗ) 100 ಎಂಬಿಪಿಎಸ್ ದಾಟುವುದಿಲ್ಲ. ನಮ್ಮಂತೆ ಕಟ್ಟಡಗಳಲ್ಲಿರುವವರಿಗೆ ಇನ್ನೊಂದು ಮಾತು: ಸಂಕೇತ ನೆರೆಮನೆಯವರೆಗೂ ಹೋಗಬಹುದಾದ್ದರಿಂದ ಅಡಾಪ್ಟರಿನ ಪೇರ್ ಗುಂಡಿ ಒತ್ತಿ ಜೋಡಿಗೆ ಅದರದೇ ಗುಪ್ತಕೀಲಿ ಕೊಡುವುದು ಅಗತ್ಯ.

ಉತ್ತರ (ವಾಸ್ಕೊ)
ಗೋವೆಯ ಮಳೆಗಾಲವನ್ನು ಮರೆಯಬೇಡಿ. ಸ್ಪೈಕ್ ಗಾರ್ಡಿನ ರಕ್ಷಣೆಯಿಲ್ಲದೆ ಗೋಡೆಗೆ ಸಿಕ್ಕಿಸುವ ಸಾಧನವಾದ್ದರಿಂದ ಸಿಡಿಲಿನ ಹೊತ್ತಿನಲ್ಲಿ ಅದು ಸುಡುವ ಭಯವಿದೆ; ಮೋಡ ಕವಿಯುತ್ತಿದ್ದಂತೆಯೇ ಕಿತ್ತಿಡಿ, ಅರ್ಥಿಂಗನ್ನೂ ಪರೀಕ್ಷಿಸಿ. ಫೇಸ್ ಹೊಂದದಿದ್ದರೆ, ನನ್ನ ಅಭಿಪ್ರಾಯದಲ್ಲಿ, ಬಾಗಿಲ ಚೌಕಟ್ಟಿನ ಅಂಚಿನಲ್ಲಿ ಕ್ಯಾಟ್ 6 ಎಂಬ ಲ್ಯಾನ್ (ನೆಟ್‌ವರ್ಕ್) ಕೇಬಲ್ ಎಳೆಯುವುದೇ ಲೇಸು. 100 ಮೀಟರ್‌ವರೆಗೆ ಚಿಂತೆಯಿಲ್ಲ, ಕೊರೆಯುವ ಕೆಲಸವೂ ಇಲ್ಲ.

ಪ್ರಶ್ನೆ ಕೇಳಿದವರಿಂದ
ಎಲ್ಲರಿಗೂ ಧನ್ಯವಾದಗಳು. ಎಲೆಕ್ಟ್ರಿಷಿಯನ್ ಬಂದು ನೋಡಿದರು. ಹಿಂದಿನ ಕೋಣೆ ಮತ್ತು ಊಟದ ಕೋಣೆ ಒಂದೇ ಫೇಸಿನಲ್ಲಿವೆ, ಹಜಾರ ಬೇರೆ. ರೂಟರಿನಿಂದ ಊಟದ ಕೋಣೆಗೆ ಲ್ಯಾನ್ ಕೇಬಲ್ ಎಳೆದು ಮೊದಲ ಅಡಾಪ್ಟರನ್ನು ಅಲ್ಲಿ ಸಿಕ್ಕಿಸಿದ ಮೇಲೆ ತರಗತಿ ಮಧ್ಯದಲ್ಲಿ ಕಡಿದಿಲ್ಲ. ಅರ್ಥಿಂಗ್ ಪರೀಕ್ಷೆಗೆ ಮಾಲೀಕರೂ ಒಪ್ಪಿದ್ದಾರೆ.