ಸಹಾಯ ಬೇಕು: ನ್ಯೂಸ್‌ಗ್ರೂಪ್ ಓದಬಹುದು, ಪ್ರಶ್ನೆ ಕಳಿಸಲು ಆಗುತ್ತಿಲ್ಲ

ನಮಸ್ಕಾರ. ಫೋರ್ಟ್ರಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಒಂದು ಹಳೆಯ ಪ್ರೋಗ್ರಾಮ್ ಹೊಸ ಕಂಪೈಲರ್‌ನಲ್ಲಿ ಓಡುತ್ತಿಲ್ಲ. ಇದನ್ನು ಚೆನ್ನಾಗಿ ಬಲ್ಲವರು ಯೂಸ್‌ನೆಟ್ ಅನ್ನುವ ಹಳೆಯ ಇಂಟರ್ನೆಟ್ ಚರ್ಚಾ ಜಾಲದ ಕಾಂಪ್.ಲ್ಯಾಂಗ್.ಫೋರ್ಟ್ರಾನ್ ನ್ಯೂಸ್‌ಗ್ರೂಪ್‌ನಲ್ಲಿ (ಚರ್ಚಾ ಗುಂಪಿನಲ್ಲಿ) ಇದ್ದಾರೆ, ಅಲ್ಲೇ ಕೇಳಬೇಕು ಅಂತ ತುಂಬಾ ಆಸೆ. ಗೂಗಲ್ ಗ್ರೂಪ್ಸ್‌ನಿಂದ ಯೂಸ್‌ನೆಟ್‌ಗೆ ಬರೆಯುವುದು 2024ರ ಫೆಬ್ರವರಿಯಲ್ಲೇ ನಿಂತಿತು. ಅಲ್ಲಿ ಈಗ ಹಳೆಯದನ್ನು ಓದಬಹುದು ಅಷ್ಟೇ. ಹಾಗಾಗಿ ಥಂಡರ್‌ಬರ್ಡ್ ಅನ್ನುವ ಇಮೇಲ್ ಪ್ರೋಗ್ರಾಮ್‌ನಲ್ಲಿ ನ್ಯೂಸ್‌ಗ್ರೂಪ್ ಖಾತೆ ಮಾಡಿದೆ. ಮೊದಲು ಸರ್ವರ್‌ನ ಪೋರ್ಟ್ (ಸಂಪರ್ಕದ ಸಂಖ್ಯೆ) 119 ಇತ್ತು. ಆಮೇಲೆ ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಯಲ್ಲಿ ಸುರಕ್ಷಿತವಾಗಿಡುವ ವ್ಯವಸ್ಥೆ) ಆನ್ ಮಾಡಿ 563ಕ್ಕೆ ಬದಲಾಯಿಸಿದೆ. ಗುಂಪುಗಳ ಪಟ್ಟಿ ಬಂತು, ಪೋಸ್ಟ್‌ಗಳೂ ತೆರೆದುಕೊಂಡವು. ಆದರೆ ಸೆಂಡ್ ಒತ್ತಿದ ತಕ್ಷಣ 480 ಅಂತ ಎರರ್ ಬರುತ್ತದೆ. ಅಂದರೆ ಸರ್ವರ್ ಲಾಗಿನ್ ಕೇಳುತ್ತಿದೆ, ಅಲ್ವಾ? ಪಾಸ್‌ವರ್ಡ್ ಹಾಕುವ ಕಿಟಕಿ ಮಾತ್ರ ಬರುತ್ತಲೇ ಇಲ್ಲ. ಎರಡು ದಿನದಿಂದ ಇದೇ ಗೋಳು. ಥಂಡರ್‌ಬರ್ಡ್‌ನಿಂದ ನ್ಯೂಸ್‌ಗ್ರೂಪ್‌ಗೆ ಬರೆಯುವವರು ಯಾರಾದರೂ ಇದ್ದರೆ ನಿಮ್ಮ ಸೆಟ್ಟಿಂಗ್ಸ್ ಹೇಳ್ತೀರಾ? ಉಚಿತ ಸರ್ವರ್ ಗೊತ್ತಿದ್ದರೆ ಅದನ್ನೂ ತಿಳಿಸಿ, ಫೈಲ್ ಹಂಚುವ ಗುಂಪುಗಳು ಬೇಡ, ಬರೀ ಪಠ್ಯದ ಚರ್ಚೆಯ ಗುಂಪುಗಳಷ್ಟೇ ಸಾಕು.